ದುಡ್ಡು ಕೊಡುವ ನೆಂಟರು

ನಿಮ್ಮ ಮನೆಗೆ ನೆಂಟರು ಬರುತ್ತಾರೆ. ಕೈಕಾಲಿಗೆ ನೀರು ಕೊಡುತ್ತೀರಿ, ಜಗುಲಿಯಲ್ಲಿ ಚಾಪೆ ಹಾಸುತ್ತೀರಿ, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹೆಚ್ಚಿಗೆ ಹಾಕುತ್ತೀರಿ. ಎರಡು ದಿನ ಇದ್ದು ಹೊರಡುವಾಗ ಒಂದು ಚಿಪ್ಪು ಬಾಳೆಹಣ್ಣನ್ನೋ ಒಂದು ಬಾಟಲಿ ಉಪ್ಪಿನಕಾಯಿಯನ್ನೋ ಅವರ ಚೀಲದಲ್ಲಿಟ್ಟು "ಮತ್ತೆ ಬನ್ನಿ" ಎನ್ನುತ್ತೀರಿ. ಜೊತೆಗೆ ಒಂದು ಚೀಟಿಯನ್ನೂ ಕೈಗಿತ್ತು, "ಇಬ್ಬರಿಗೆ ಎರಡು ದಿನಕ್ಕೆ ಇಷ್ಟಾಯಿತು ನೋಡಿ" ಎಂದು ಎಂದಾದರೂ ಹೇಳಿದ್ದೀರಾ? ಇಲ್ಲ ತಾನೆ!

ನಾನು ಹೇಳುತ್ತೇನೆ. ಆರು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ಗಾಬರಿಯಾಗಬೇಡಿ, ನಾನೇನೂ ಕಲ್ಲೆದೆಯವಳಲ್ಲ. ನಮ್ಮದು ಹೋಂಸ್ಟೇ. ಹೊನ್ನಾವರ ತಾಲ್ಲೂಕಿನಲ್ಲಿ, ಹೆದ್ದಾರಿಯಿಂದ ಮೂರು ಕಿಲೋಮೀಟರು ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ಒಂದು ಹಳೆಯ ಹಂಚಿನ ಮನೆ. ಉತ್ತರಕ್ಕೆ ಇಪ್ಪತ್ತು ಕಿಲೋಮೀಟರು ಹೋದರೆ ಕುಮಟಾ, ದಕ್ಷಿಣಕ್ಕೆ ನಲವತ್ತು ಹೋದರೆ ಭಟ್ಕಳ. ಹಿಂದೆ ಈ ಮನೆಯಲ್ಲಿ ಒಂದೇ ಪಂಕ್ತಿಗೆ ಇಪ್ಪತ್ತು ಜನ ಊಟಕ್ಕೆ ಕೂರುತ್ತಿದ್ದರಂತೆ. ಈಗ ಮಗ ಬೆಂಗಳೂರು, ಮಗಳು ಪುಣೆ. ಮನೆಯಲ್ಲಿ ಉಳಿದದ್ದು ನಾವಿಬ್ಬರು, ಅತ್ತೆಯವರು, ಎರಡು ದನ, ನಾಲ್ಕು ಖಾಲಿ ಕೋಣೆ.

ಖಾಲಿ ಕೋಣೆ ಎಂದರೆ ಸುಮ್ಮನೆ ಬಿದ್ದಿರುತ್ತದೆ ಎಂದುಕೊಳ್ಳಬೇಡಿ. ಜನ ಓಡಾಡದ ಹಂಚಿನ ಮನೆಯನ್ನು ಗೆದ್ದಲು ಮೊದಲು ಕಂಡುಹಿಡಿಯುತ್ತದೆ, ಆಮೇಲೆ ಬಾವಲಿ, ಆಮೇಲೆ ಮಳೆಗಾಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸದಿದ್ದರೆ ಜೂನಿನಲ್ಲಿ ಮನೆಯೊಳಗೇ ಕೊಡೆ ಹಿಡಿಯಬೇಕು. ಅದಕ್ಕೆ ತಗಲುವ ಖರ್ಚನ್ನು ಅಡಿಕೆಯೊಂದರಿಂದಲೇ ಹೊಂದಿಸುವುದು ಕಷ್ಟವಾಗುತ್ತ ಬಂತು. ಮೂರು ಕೋಣೆಗಳನ್ನು ಬಂದವರಿಗೆ ಕೊಡೋಣ ಎಂದು ನಾವು ಹೊರಟಿದ್ದು ಹಾಗೆ.

"ಅನ್ನ ಮಾರೂದನಾ ತಂಗೀ?"

ಸುದ್ದಿ ಕೇಳಿ ಅತ್ತೆಯವರು ಅಂದದ್ದು ಇಷ್ಟೇ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಆದರೆ ಅವರು ಹಾಗೆ ಕೇಳಿದ ರೀತಿಗೆ ನಮ್ಮವರು ಎದ್ದು ತೋಟಕ್ಕೆ ಹೋಗಿಬಿಟ್ಟರು. ಉತ್ತರ ಹೇಳುವ ಪಾಳಿ ನನ್ನದಾಯಿತು!

ನಿಮ್ಮಲ್ಲೂ ಹಿರಿಯರಿದ್ದರೆ ಈ ಮಾತಿನ ಭಾರ ಗೊತ್ತಿರುತ್ತದೆ. ಹಾಲು ಮಾರಬಹುದು, ಅಡಿಕೆ ಮಾರಬಹುದು, ಬಾಳೆಗೊನೆ ಮಾರಬಹುದು. ಬೇಯಿಸಿದ ಅನ್ನವನ್ನು ಮಾರಬಾರದು. ಮನೆಗೆ ಬಂದವರಿಗೆ ಬಡಿಸಿ ಕೈಯೊಡ್ಡುವುದೇ? ಅತ್ತೆಯವರು ಈ ಮನೆಗೆ ಸೊಸೆಯಾಗಿ ಬಂದ ಕಾಲದಲ್ಲಿ ರೈಲೂ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿ ಓಡಿದ್ದೇ 1998ರಲ್ಲಿ. ಬಸ್ಸು ತಪ್ಪಿದ ದಾರಿಹೋಕರು ರಾತ್ರಿ ಬಂದು ಜಗುಲಿಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಹೋಗುತ್ತಿದ್ದರಂತೆ. ಊಟ ಮಾಡದೆ ಯಾರೂ ಮಲಗಿದ್ದಿಲ್ಲ ಎಂದು ಅವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

"ಆ ಹೊತ್ತಿಗೆ ಅಡಿಗೆ ಯಾರು ಮಾಡ್ತಿದ್ರು ಅತ್ತೆ?" ಎಂದು ಕೇಳಿದೆ.

"ಮತ್ಯಾರು? ನಾನೇ. ರಾತ್ರಿ ಹತ್ತಕ್ಕೆ ಆರು ಜನ ಬಂದ್ರೆ ಮತ್ತೆ ಒಲೆ ಹಚ್ಚೂದು. ಕಾಯಿ ತುರಿಯೂದು. ಅವ್ರು ಉಂಡು 'ದೊಡ್ಡ ಮನೆ ಸ್ವಾಮೀ ನಿಮ್ದು' ಹೇಳಿ ನಿಮ್ಮ ಮಾವನಿಗೆ ಕೈಮುಗಿದು ಹೋಗೂದು."

ಹೇಳಿ ಮುಗಿಸಿದವರು ತಾವೇ ಒಂದು ಗಳಿಗೆ ಸುಮ್ಮನಾದರು. ನಾನೂ ಸುಮ್ಮನಿದ್ದೆ.

ನಮ್ಮ ಹೊನ್ನಾವರದ ಆತಿಥ್ಯ ಇವತ್ತಿನದಲ್ಲ. ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದು, ಇಲ್ಲಿನ ಸುಲ್ತಾನನ ಅತಿಥಿಯಾಗಿದ್ದ. ತಾನುಂಡ ಊಟವನ್ನು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ. ತಾಮ್ರದ ತಟ್ಟೆಗೆ ಮೊದಲು ಅನ್ನ, ಮೇಲೆ ತುಪ್ಪ, ಬದಿಗೆ ಗೊಂಚಲು ಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿಗಳು. ನಡುವೆ ಕೋಳಿ, ಮೀನು, ತರಕಾರಿಗಳೆಲ್ಲ ಬಂದು ಹೋಗಿ ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದೂ ಹೇಳುತ್ತಾನೆ. ಮಾಂಸ, ಮೀನು ಬಿಟ್ಟರೆ ನಮ್ಮ ಮನೆಯ ಬಾಳೆಲೆಯೂ ಇವತ್ತಿಗೂ ಹಾಗೆಯೇ! ಬಡಿಸಿದವಳು ರೇಷ್ಮೆ ಉಟ್ಟ ಒಬ್ಬ ದಾಸಿ ಎಂದು ಬರೆದ ಆ ಪುಣ್ಯಾತ್ಮ ಅವಳ ಹೆಸರು ಬರೆಯಲಿಲ್ಲ. ಒಳಗೆ ಬೇಯಿಸಿದವರ ಸುದ್ದಿಯೇ ಇಲ್ಲ.

ಅತ್ತೆಯವರನ್ನು ಒಪ್ಪಿಸಿದ್ದು ಇತಿಹಾಸವಲ್ಲ, ಮಲ್ಲಿಗೆ. ಅವರ ತಂಗಿಯ ಮಗಳು ಭಟ್ಕಳದ ಕಡೆ ಇದ್ದಾಳೆ. ಭಟ್ಕಳ ಮಲ್ಲಿಗೆಯ ಹೆಸರು ನೀವು ಕೇಳಿಯೇ ಇರುತ್ತೀರಿ. ಅಲ್ಲಿ ಮನೆಯಂಗಳದಲ್ಲಿ ಗಿಡ ಬೆಳೆಸಿ, ಮೊಗ್ಗು ಕೊಯ್ದು, ಕಟ್ಟಿ ಮಾರುವುದು ಬಹುಪಾಲು ಹೆಂಗಸರ ಕೆಲಸ. ಬಿಸಿಲೇರುವ ಮೊದಲೇ ಮೊಗ್ಗು ಕೀಳಬೇಕು, ಅರಳಿತೋ ಬೆಲೆ ಹೋಯಿತು. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಮರುದಿನ ಇಳಿಯುತ್ತದೆ. ಆ ಹುಡುಗಿ ಮಲ್ಲಿಗೆಯ ದುಡ್ಡಿನಲ್ಲೇ ಇಬ್ಬರು ಮಕ್ಕಳ ಕಾಲೇಜು ಫೀಸು ಕಟ್ಟಿದ್ದಾಳೆ. ಅತ್ತೆಯವರಿಗೆ ಅವಳೆಂದರೆ ಬಹಳ ಅಭಿಮಾನ.

"ಹೂವೂ ದೇವರದ್ದೇ ಅಲ್ದಾ ಅತ್ತೆ? ಅವಳು ಹೂವಿಗೆ ತಗೊಳ್ತಾಳಾ, ಬೆಳಿಗ್ಗೆ ಐದಕ್ಕೆ ಎದ್ದು ಕೊಯ್ದು ಕಟ್ಟಿದ್ದಕ್ಕೆ ತಗೊಳ್ತಾಳಾ?" ಎಂದೆ.

ಎರಡು ದಿನ ಅವರು ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಹೂಬತ್ತಿ ಹೊಸೆಯುತ್ತಾ ಹೇಳಿದರು: "ಕೆಲಸಕ್ಕೆ ದುಡ್ಡು ತಗಳಿ. ಆದ್ರೆ ಆಸರಿಗೆ ಕೊಟ್ಟಿದ್ದಕ್ಕೆ ತಗಳೂಲಾಗ. ಎರಡನೇ ಸಲ ಅನ್ನ ಬಡ್ಸಿದ್ದಕ್ಕೂ ತಗಳೂಲಾಗ."

ನಮ್ಮ ಹೋಂಸ್ಟೇಯ ಕಾಯಿದೆ ಪುಸ್ತಕ ಎಂದರೆ ಇವೆರಡೇ ವಾಕ್ಯ. ಇವತ್ತಿಗೂ ಅದನ್ನು ದಾಟಿಲ್ಲ.

ಆಸರಿಗೆ ಏನು ಕೊಡಲಿ?

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುವ ಪಾನೀಯಕ್ಕೆ ನಮ್ಮ ಕಡೆ ಆಸರಿಗೆ ಎನ್ನುತ್ತೇವೆ. ಬಂದವರು ಯಾರು, ಏಕೆ ಬಂದರು ಎಂದು ಕೇಳುವ ಮೊದಲು ಆಸರಿಗೆ ಏನು ಬೇಕೆಂದು ಕೇಳಬೇಕು. ಶಿವರಾತ್ರಿ ಕಳೆದು, ಗೋಕರ್ಣದಲ್ಲಿ ತೇರು ಎಳೆದಾಯಿತೆಂದರೆ ನಮಗೆ ಸೆಕೆ ಶುರು. ಇಲ್ಲಿಯ ಸೆಕೆ ಬಿಸಿಲಿನದಲ್ಲ, ಬೆವರಿನದು. ಬೆಳಿಗ್ಗೆ ಒಂಬತ್ತಕ್ಕೇ ಸೆರಗು ಒದ್ದೆ. ನಡು ಮಧ್ಯಾಹ್ನ ಸಮುದ್ರದ ಗಾಳಿ ಬೀಸತೊಡಗಿದ ಮೇಲೆಯೇ ಜೀವಕ್ಕೆ ಸ್ವಲ್ಪ ಹಾಯೆನಿಸುವುದು.

ಮಾರ್ಚಿಯಲ್ಲಿ ಬಂದವರಿಗೆ ಮಜ್ಜಿಗೆ ಅಥವಾ ಬೆಲ್ಲದ ಪಾನಕ. ಏಪ್ರಿಲ್ ಹೊತ್ತಿಗೆ ಮುರುಗಲು ಹಣ್ಣಾಗುತ್ತದೆ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದೂ ಇದನ್ನೇ. ಹಣ್ಣನ್ನು ಒಡೆದು ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಒತ್ತಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಡಿ. ಕೆಂಪಗೆ ರಸ ಬಿಡುತ್ತದೆ. ಸೋಸಿಟ್ಟುಕೊಂಡರೆ ಮಳೆಗಾಲ ದಾಟಿಯೂ ಕೆಡುವುದಿಲ್ಲ. ಒಂದು ಪಾಲು ರಸಕ್ಕೆ ನಾಲ್ಕು ಪಾಲು ತಣ್ಣೀರು, ಚಿಟಿಕೆ ಉಪ್ಪು, ಚಿಟಿಕೆ ಹುರಿದ ಜೀರಿಗೆ ಪುಡಿ. ಬೀಜವನ್ನು ಎಸೆಯಬೇಡಿ! ಅದರಿಂದ ತೆಗೆದ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಒಳ್ಳೆಯದು.

ಊಟದ ಕೊನೆಗೆ ಅಪ್ಪೆಹುಳಿ. ಇದನ್ನು ಕಲಿಸಿ ಎಂದು ಕೇಳದ ಅತಿಥಿಯೇ ಇಲ್ಲ. ಎರಡು ಹುಳಿಮಾವಿನಕಾಯಿ ಬೇಯಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ, ಸಿಪ್ಪೆ ಗೊರಟು ತೆಗೆಯಿರಿ. ಆರು ಲೋಟ ನೀರು ಸೇರಿಸಿ, ಉಪ್ಪು ಹಾಕಿ, ಸೀಳಿದ ಹಸಿಮೆಣಸು ಎರಡು, ಬೇಕೆಂದರೆ ಸಣ್ಣ ತುಂಡು ಬೆಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಇಂಗಿನ ಒಗ್ಗರಣೆ. ಇಂಗು ಸ್ವಲ್ಪ ಮುಂದಾಗಿಯೇ ಇರಲಿ. ಲೋಟಕ್ಕೆ ಹಾಕಿ ಕುಡಿಯಲು ಕೊಡಿ. ಇದನ್ನು ಎರಡು ಲೋಟ ಕುಡಿದ ಬೆಂಗಳೂರಿನವರು ಜಗುಲಿಯ ಮೇಲೆ ಸಂಜೆ ನಾಲ್ಕರವರೆಗೆ ಏಳುವುದಿಲ್ಲ. ನನಗೂ ಅಷ್ಟು ಹೊತ್ತು ಬೆನ್ನು ಚಾಚಲು ಸಿಗುತ್ತದೆ!

ಬೇಸಿಗೆಯ ಮೊದಲ ದಿನಗಳು

ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ನಮ್ಮಲ್ಲಿ ಕೈತುಂಬ ಕೆಲಸ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಇವರು ದನದ ಕೊಟ್ಟಿಗೆಗೆ, ನಾನು ಅಡಿಗೆಮನೆಗೆ. ಎಂಟಕ್ಕೆ ತೆಳ್ಳೇವು, ಕಾಯಿಚಟ್ನಿ, ಜೋನಿಬೆಲ್ಲ. ಮಧ್ಯಾಹ್ನಕ್ಕೆ ಮೊಗೆಕಾಯಿ ಹುಳಿ, ಹಲಸಿನ ಗುಜ್ಜೆ ಪಲ್ಯ, ಒಂದೆಲಗದ ತಂಬುಳಿ. ನಮ್ಮದು ಸಸ್ಯಾಹಾರ. ಮೀನೂಟ ಬೇಕೆಂದವರಿಗೆ ಹೊನ್ನಾವರ ಪೇಟೆಯಲ್ಲಿ ಸಿಗುತ್ತದೆ ಎಂದು ಫೋನಿನಲ್ಲೇ ತಿಳಿಸುತ್ತೇವೆ. ಬಂದ ಮೇಲೆ ಮುಖ ಸಣ್ಣದಾಗುವುದಕ್ಕಿಂತ ಅದು ವಾಸಿ.

ಜೋಗದ ವಿಷಯವೂ ಹಾಗೆಯೇ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಬೇಸಿಗೆಯಲ್ಲಿ ಜೋಗದ ಧಾರೆ ದಾರದಂತಾಗುತ್ತದೆ. ಸಿನಿಮಾದಲ್ಲಿ ಕಂಡ ಜೋಗ ಬೇಕಿದ್ದರೆ ಮಳೆಗಾಲದಲ್ಲಿ ಬನ್ನಿ ಎನ್ನುತ್ತೇವೆ. ಬೇಸಿಗೆಗೆ ಬೇರೆಯವು ಇವೆಯಲ್ಲ! ಕುಮಟಾದ ಆಚೆ ಮಿರ್ಜಾನ ಕೋಟೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ. ಯಾಣದಲ್ಲಿ ನೂರಿಪ್ಪತ್ತು ಮೀಟರು ಎತ್ತರದ ಕಪ್ಪು ಭೈರವೇಶ್ವರ ಶಿಖರ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಲ್ಲಿ 123 ಅಡಿಯ ಶಿವ. ಇಲ್ಲೇ ಹತ್ತಿರದಲ್ಲಿ ಇಡಗುಂಜಿ ಗಣಪತಿ, ಮತ್ತು ಕಾಸರಕೋಡಿನ ಕಡಲತೀರ. ಅದಕ್ಕೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು.

ಹೋಳಿಯ ಹೊತ್ತಿಗೆ ಬಂದವರ ಅದೃಷ್ಟ ಚೆನ್ನಾಗಿದ್ದರೆ ಹಾಲಕ್ಕಿಯವರ ಸುಗ್ಗಿ ಕುಣಿತ ಮನೆಬಾಗಿಲಿಗೇ ಬರುತ್ತದೆ. ತಲೆಯ ಮೇಲೆ ಬಣ್ಣದ ತುರಾಯಿ, ಕೈಯಲ್ಲಿ ಕೋಲು. ಅಂಗಳ ತುಂಬಿ ಹೋಗುತ್ತದೆ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ತೆಗೆಯುವುದೂ ಈ ದಿನಗಳಲ್ಲೇ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಅದೇ ಹರಳುಪ್ಪು. ಏಪ್ರಿಲ್ ಬಂತೆಂದರೆ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಜಡೆ ಹೆಣೆದಂತೆ ಹೆಣೆದು ಮಾರಾಟಕ್ಕೆ ಇಟ್ಟಿರುತ್ತಾರೆ. ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಕಾರಿನಲ್ಲಿ ಬಂದವರು ಅಲ್ಲಿ ಚೌಕಾಶಿ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಬೆನ್ನು ಬಗ್ಗಿಸಿ ಸಸಿ ನೆಟ್ಟ ಆ ಹೆಂಗಸರ ನೆನಪಾಗುತ್ತದೆ. ಹತ್ತು ರೂಪಾಯಿ ಇಳಿಸಿದ್ದು ಈರುಳ್ಳಿಯ ಬೆಲೆಯನ್ನೋ, ಬೆನ್ನಿನದನ್ನೋ?

ಲೆಕ್ಕದ ಪುಸ್ತಕ

ಈಗ ದುಡ್ಡಿನ ಮಾತಾಡೋಣ. ಹೆಂಗಸರ ಪತ್ರಿಕೆಯಲ್ಲಿ ದುಡ್ಡಿನ ಮಾತೇಕೆ ಎನ್ನಬೇಡಿ. ಇಲ್ಲಿ ಅಲ್ಲದೆ ಇನ್ನೆಲ್ಲಿ ಆಡುವುದು?

ನಮ್ಮಲ್ಲಿ ಊಟ, ತಿಂಡಿ, ವಸತಿ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 1,500 ರೂಪಾಯಿ. ನಾಲ್ಕು ಜನ ಇದ್ದರೆ 6,000. ಕೇಳಲು ದೊಡ್ಡ ಮೊತ್ತ! ಸಾಮಾನು, ತರಕಾರಿ, ಹಾಲಿಗೆ 1,400 ಕಳೆಯಿರಿ. ಪಾತ್ರೆ, ಬಟ್ಟೆ, ಗುಡಿಸುವುದಕ್ಕೆ ಬರುವ ಇಬ್ಬರಿಗೆ ಕೂಲಿ 1,100. ಗ್ಯಾಸು, ಕರೆಂಟು, ಸಾಬೂನು 500. ಹಾಸಿಗೆ, ಚಾದರ, ಸುಣ್ಣಬಣ್ಣಕ್ಕೆಂದು ತೆಗೆದಿಡುವುದು 600. ಉಳಿದದ್ದು 2,400. ಅದರಲ್ಲಿ ಅರ್ಧ ಇವರದು, ಅರ್ಧ ನನ್ನದು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ನನ್ನ ದುಡಿಮೆಗೆ 1,200 ರೂಪಾಯಿ. ಅದು ನನ್ನ ಹೆಸರಿನ ಖಾತೆಗೆ ಹೋಗುತ್ತದೆ.

ಮೊದಲ ತಿಂಗಳು ಇವರು ನಕ್ಕಿದ್ದರು. "ಒಂದೇ ಮನೆ, ಎರಡು ಖಾತೆ ಎಂತಕ್ಕೆ ಮಾರಾಯ್ತಿ?" ನಾನು ಜಗಳವಾಡಲಿಲ್ಲ. ಒಂದು ನೋಟುಪುಸ್ತಕದಲ್ಲಿ ಒಂದು ದಿನದ ನನ್ನ ಕೆಲಸವನ್ನು ಗಂಟೆ ಹಾಕಿ ಬರೆದು ಅವರ ಚಹಾದ ಲೋಟದ ಪಕ್ಕ ಇಟ್ಟೆ. ಓದಿದರು. ಎರಡನೆಯ ಪುಟವನ್ನೂ ತಿರುವಿದರು. ಮರುದಿನ ಅವರೇ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು.

ಎರಡು ವರ್ಷದ ಹಿಂದೆ ಫ್ರಾನ್ಸ್ ದೇಶದ ಒಬ್ಬ ದಂಪತಿ ನಮ್ಮಲ್ಲಿ ಮೂರು ದಿನ ಉಳಿದಿದ್ದರು. ಆಕೆಯದೂ ಹಳ್ಳಿಮನೆಯಂತೆ, ಆಕೆಯೂ ಕೋಣೆಗಳನ್ನು ಬಂದವರಿಗೆ ಕೊಡುತ್ತಾಳಂತೆ! ಅಲ್ಲಿ ಇದಕ್ಕೆ ಶಾಂಬ್ರ್ ದೋತ್ ಎನ್ನುತ್ತಾರೆ. ಐದು ಕೋಣೆ, ಹದಿನೈದು ಜನ, ಅದಕ್ಕಿಂತ ಹೆಚ್ಚಿಲ್ಲ. ನಮ್ಮ ಕರ್ನಾಟಕದ ಹೋಂಸ್ಟೇಗೂ ಐದೇ ಕೋಣೆಯ ಮಿತಿ, ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. ಮನೆಯವರ ಮೇಜಿನಲ್ಲೇ ಎಲ್ಲರಿಗೂ ಒಂದೇ ಬಗೆಯ ಊಟ ಬಡಿಸಿದರೆ ಅದು ತಾಬ್ಲ್ ದೋತ್. ಹೋಟೆಲಿನಂತೆ ಪಟ್ಟಿ ನೋಡಿ ಕೇಳುವಂತಿಲ್ಲ, ಆ ದಿನ ಮನೆಯಲ್ಲಿ ಬೆಂದದ್ದೇ ಊಟ. ಎರಡನೆಯ ಮಹಾಯುದ್ಧದ ನಂತರ ಯುವಕರು ಪಟ್ಟಣ ಸೇರಿ ಹಳ್ಳಿಮನೆಗಳು ಖಾಲಿಯಾಗತೊಡಗಿದಾಗ, ಅವನ್ನು ಪ್ರವಾಸಿಗಳಿಗೆ ಕೊಡುವ ರೂಢಿ ಅಲ್ಲಿ ಬೆಳೆಯಿತು. ಅಂಥ ಮನೆಗಳ ಒಕ್ಕೂಟ ಹುಟ್ಟಿದ್ದು 1955ರಲ್ಲಿ. ನಮ್ಮೂರಿನ ಕಥೆಯನ್ನೇ ಎಪ್ಪತ್ತು ವರ್ಷ ಮೊದಲು ಬರೆದಿಟ್ಟಂತೆ ಇಲ್ಲವೇ?

ಆಕೆಗೆ ಬೇಸಿಗೆ ಶುರುವಾಗುವುದು ಮೇ-ಜೂನಿನಲ್ಲಿ, ಚೆರ್ರಿ ಹಣ್ಣಿನ ಕಾಲದಲ್ಲಿ. "ನಿಮ್ಮಲ್ಲಿ ನೆಂಟರು ಬಂದರೆ ಕೋಣೆ ಹೇಗೆ ಹೊಂದಿಸುತ್ತೀರಿ?" ಎಂದು ಮಗಳ ಕೈಲಿ ಫೋನಿನಲ್ಲಿ ಕೇಳಿಸಿದೆ. ಆಕೆ ಗಂಡನ ಮುಖ ನೋಡಿ ನಕ್ಕಳು. ಅವರ ಮನೆಯಲ್ಲೂ ಜಗಳ ಅದೇ ಅಂತೆ.

ಬಾವಿ, ನಾದಿನಿ ಮತ್ತು ಅರವತ್ತು ಸಾವಿರ

ಇನ್ನು ಕಳೆದ ವರ್ಷದ ಮೇ ತಿಂಗಳಿಗೆ ಬರುತ್ತೇನೆ.

ಮಾರ್ಚಿ ಕೊನೆಯಲ್ಲಿ ಬೆಂಗಳೂರಿನಿಂದ ಫೋನು. ಎಂಟು ಜನ, ಐದು ದಿನ, ಮೇ ಎರಡನೆಯ ವಾರ. ಲೆಕ್ಕ ಹಾಕಿ, 60,000 ರೂಪಾಯಿ! ನಮ್ಮವರು ಮೇಲೆ ನೋಡಿ, "ಹಂಚಿನ ಖರ್ಚು ಬಂತು" ಎಂದರು. ಸಂಜೆಯವರೆಗೆ ಯೋಚಿಸಿ ಹೇಳುತ್ತೇವೆ ಎಂದು ನಾನು ಅವರನ್ನು ಕಾಯಲು ಹೇಳಿದೆ.

ಮಧ್ಯಾಹ್ನ ನಾದಿನಿಯ ಫೋನು. ಹುಬ್ಬಳ್ಳಿಯಲ್ಲಿದ್ದಾಳೆ. ಮಕ್ಕಳಿಗೆ ರಜೆ ಸಿಕ್ಕಿದ ಕೂಡಲೇ ತವರಿಗೆ ಬರುವುದು ಅವಳ ಮದುವೆಯಾದಾಗಿನಿಂದ ನಡೆದು ಬಂದದ್ದು. ಅದೂ ಇದೂ ಮಾತಾಡಿ ಕೊನೆಗೆ ನಗುತ್ತಾ ಕೇಳಿದಳು: "ಅತ್ತಿಗೇ, ಮೇ ತಿಂಗಳಿಗೆ ನಾವೂ ಬುಕ್ ಮಾಡಿ ಬರ್ಬೇಕಾ?"

ನಗುವಿನಲ್ಲೇ ಕೇಳಿದ್ದು. ಆದರೂ ಮುಳ್ಳು ಎಲ್ಲಿ ಚುಚ್ಚಬೇಕೋ ಅಲ್ಲಿಯೇ ಚುಚ್ಚಿತು. ನೀವೇ ಹೇಳಿ, ನಿಮ್ಮ ತವರಿನಲ್ಲಿ ನೀವು ಹುಟ್ಟಿ ಬೆಳೆದ ಕೋಣೆಯಲ್ಲಿ ಯಾರೋ ದುಡ್ಡು ಕೊಟ್ಟು ಮಲಗಿದ್ದಾರೆಂದರೆ ನಿಮಗೆ ಹೇಗಾಗುತ್ತದೆ?

ಅತ್ತೆಯವರು ಏನೂ ಹೇಳಲಿಲ್ಲ. ಎದ್ದು ಬಾವಿಕಟ್ಟೆಗೆ ಹೋದರು. ನಮ್ಮ ಬಾವಿ ಚಿರೇಕಲ್ಲಿನ ನೆಲದ್ದು. ಅಷ್ಟು ಮಳೆ ಬಂದರೂ ಆ ಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಸಿದುಬಿಡುತ್ತದೆ. ಹಗ್ಗಕ್ಕೆ ಮಾರಿಗೊಂದರಂತೆ ಗಂಟು ಹಾಕಿದ್ದೇವೆ. ಫೆಬ್ರವರಿಯಲ್ಲಿ ಮೂರು ಗಂಟಿಗೆ ಸಿಗುವ ನೀರು ಆ ದಿನ ಐದು ಗಂಟು ಇಳಿದಿತ್ತು. ಪಂಪು ಹಾಕಿದರೆ ಅರ್ಧ ಗಂಟೆಗೆ ಕೆಸರು ಬರುವ ದಿನ ಇನ್ನು ದೂರವಿರಲಿಲ್ಲ.

ರಾತ್ರಿ ಊಟದ ಮೇಲೆ ಲೆಕ್ಕಕ್ಕೆ ಕುಳಿತೆವು. ಪಟ್ಟಣದಿಂದ ಬಂದವರು ಸೆಕೆಗೆ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾರೆ. ತಪ್ಪೇನಿಲ್ಲ, ದುಡ್ಡು ಕೊಟ್ಟಿರುತ್ತಾರೆ, ಬೇಡವೆನ್ನಲು ನಮಗೆ ಬಾಯಿ ಬರುವುದಿಲ್ಲ. ಒಬ್ಬರಿಗೆ ಕಡಿಮೆಯೆಂದರೂ ನೂರೈವತ್ತು ಲೀಟರು. ಎಂಟು ಜನಕ್ಕೆ 1,200. ಚಾದರ ಒಗೆಯುವುದು ಬೇರೆ. ಆಮೇಲೆ ದನಗಳಿಗೆ? ನೀರು ಮುಟ್ಟದೆ ಬಾಡುವ ಅಡಿಕೆ ಸಸಿಗಳಿಗೆ? ಟ್ಯಾಂಕರು ತರಿಸಬಹುದು, ಆದರೆ ಮನೆಯ ಬಾವಿ ಬತ್ತಿಸಿ ಟ್ಯಾಂಕರಿನ ನೀರು ಕುಡಿಯುವ ಗೃಹಸ್ಥಿಕೆ ಯಾರ ಸುಖಕ್ಕೆ?

ಇವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಂಚು?" ಎಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿರಲಿಲ್ಲ. ಆದರೂ ಬೆಂಗಳೂರಿನವರಿಗೆ ಫೋನು ಮಾಡಿ, ಮೇ ತಿಂಗಳಲ್ಲಿ ನಮ್ಮಲ್ಲಿ ಆಗುವುದಿಲ್ಲ, ದೀಪಾವಳಿಯ ನಂತರ ಬನ್ನಿ ಎಂದೆ. ಅವರು ಬೇರೆ ಕಡೆ ಹೋದರು. ದೀಪಾವಳಿಗೂ ಬರಲಿಲ್ಲ. ಅರವತ್ತು ಸಾವಿರ ಹೋದದ್ದು ಹೋಯಿತು.

ಅಂದಿನಿಂದ ನಮ್ಮ ನಿಯಮ ಇದು. ಏಪ್ರಿಲ್ 20ರ ನಂತರ ಕೋಣೆಗಳು ಬಾಡಿಗೆಗಿಲ್ಲ. ಮಳೆ ಹಿಡಿದು ಬಾವಿ ತುಂಬುವವರೆಗೆ ಅವು ಮನೆಯ ಹೆಣ್ಣುಮಕ್ಕಳಿಗೆ.

ನಾದಿನಿ ಬಂದಳು. ಮಕ್ಕಳು ತೋಟ, ಹೊಳೆ, ಗೇರುಹಣ್ಣು ಎಂದು ಓಡಾಡಿಕೊಂಡಿದ್ದರು. ಅಂಕೋಲೆಯ ಕರಿ ಇಶಾಡು ಮಾವಿನಹಣ್ಣೂ ಬಂತು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ ಮೇಲೆ ಅದರ ಠೀವಿಯೂ ಹೆಚ್ಚಿದೆ! ನಾಲ್ಕನೆಯ ದಿನ ಊಟಕ್ಕೆ ಕೂತಾಗ ಅವಳ ಕಿರಿಯ ಮಗ ಕೇಳಿದ: "ಅತ್ತೇ, ದುಡ್ಡು ಕೊಡೋರಿಗೆ ಒಂದು ದಿನಕ್ಕೆ ಸಾವಿರದೈನೂರಲ್ವಾ? ನಾವು ಮೂರು ಜನ, ಹದಿನೈದು ದಿನ. ಅಂದ್ರೆ ಅರವತ್ತೇಳು ಸಾವಿರದೈನೂರು ಆಯ್ತು!"

"ಸುಮ್ನೆ ಉಣ್ಣು" ಎಂದು ನಾದಿನಿ ಗದರಿಸಿದಳು. ನಾನು ನಕ್ಕೆ. ಆದರೆ ಅವಳ ಕೈ ಎಲೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಸಂಜೆ ನಾನು ಈಳಿಗೆಮಣೆ ಹಾಕಿಕೊಂಡು ಕೂರುವಷ್ಟರಲ್ಲಿ ಅವಳು ಬಂದು ಕಾಯಿ ಎತ್ತಿಕೊಂಡಳು. "ರಾತ್ರಿ ಅಡಿಗೆ ನಂದು ಅತ್ತಿಗೆ. ನೀವು ಜಗುಲಿಗೆ ಹೋಗಿ." ಹದಿನೈದು ವರ್ಷಗಳಲ್ಲಿ ಅದೇ ಮೊದಲ ಸಲ. ಬೇಡವೆನ್ನುವುದು ನಾಲಗೆಯ ತುದಿಗೆ ಬಂದಿತ್ತು. ತಡೆದುಕೊಂಡು ಜಗುಲಿಗೆ ಹೋದೆ. ಅವಳು ಹೋಗುವವರೆಗೂ ರಾತ್ರಿಯ ಅಡಿಗೆ ಅವಳದ್ದೇ ಆಯಿತು. ಬೆಲೆ ಕಟ್ಟಿದರೆ ಬಾಂಧವ್ಯ ಹಾಳಾಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಬೆಲೆ ಕಟ್ಟಿದ ಮೇಲೆಯೇ, ಕಟ್ಟದೆ ಮಾಡಿದ ಕೆಲಸವೂ ಕಣ್ಣಿಗೆ ಬಿತ್ತು.

ಹಂಚಿನ ಕತೆಯೇನಾಯಿತು ಎನ್ನುತ್ತೀರಾ? ಮುಂಭಾಗದ ಅರ್ಧ ಮಾಡಿಸಿದೆವು, ಹಿಂಭಾಗ ಉಳಿಯಿತು. ಆ ಮಳೆಗಾಲವಿಡೀ ಉಗ್ರಾಣದ ಮೂಲೆಯಲ್ಲಿ ಒಂದು ಬಕೆಟು, ಒಂದು ಬೋಗುಣಿ.

ನೀವೂ ಶುರುಮಾಡುವುದಾದರೆ

ನಿಮ್ಮಲ್ಲೂ ಖಾಲಿ ಕೋಣೆಗಳಿದ್ದು, ಇದನ್ನು ಓದಿ ಆಸೆಯಾಗಿದ್ದರೆ ನಾಲ್ಕು ಮಾತು ಹೇಳುತ್ತೇನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಿ. ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು, ಅದನ್ನು ಮರೆಯಬೇಡಿ. ಕೋಣೆಗೆ ಎರಡು ಜೊತೆ ಹತ್ತಿಯ ಚಾದರ, ಒಂದು ಮಣ್ಣಿನ ಹೂಜಿ, ಒಳ್ಳೆಯ ಸೊಳ್ಳೆಪರದೆ, ತೊಳೆದು ಒಣಗಿದ ಬಚ್ಚಲು, ಇಷ್ಟಿದ್ದರೆ ಸಾಕು. ಬಂದವರಿಗೆ ಹೋಟೆಲಿನ ಅಡಿಗೆ ಮಾಡಿಹಾಕಲು ಹೋಗಬೇಡಿ. ಪನೀರು ಅವರಿಗೆ ಅವರ ಊರಲ್ಲೇ ಸಿಗುತ್ತದೆ, ನಿಮ್ಮ ತಂಬುಳಿ ಸಿಗುವುದಿಲ್ಲ. ಕೆಲಸಕ್ಕೆ ಬರುವವರ ಕೂಲಿಯನ್ನು ಮೊದಲು ತೆಗೆದಿಡಿ, ಉಳಿದದ್ದರಲ್ಲಿ ನಿಮ್ಮದನ್ನು ಹುಡುಕಿ.

ದರ ನಿಶ್ಚಯಿಸುವ ಮೊದಲು ಒಂದು ದಿನದ ನಿಮ್ಮ ಕೆಲಸವನ್ನು ಗಂಟೆ ಹಾಕಿ ಒಂದು ಹಾಳೆಯ ಮೇಲೆ ಬರೆಯಿರಿ. ಹೋಂಸ್ಟೇ ಮಾಡದಿದ್ದರೂ ಚಿಂತೆಯಿಲ್ಲ, ಬರೆಯಿರಿ. ಬರೆದದ್ದನ್ನು ಮನೆಯವರ ಚಹಾದ ಲೋಟದ ಪಕ್ಕ ಇಡಲು ಮರೆಯಬೇಡಿ.

ಆಮೇಲೆ ಯಾರನ್ನು ಕೇಳಿ ಶುರುಮಾಡಬೇಕು ಎಂದರೆ, ಮೊದಲು ನಿಮ್ಮ ಬಾವಿಯನ್ನು ಕೇಳಿ. ನಂತರ ಅತ್ತೆಯವರನ್ನು, ನಾದಿನಿಯನ್ನು. ಬ್ಯಾಂಕಿನವರು ಕಟ್ಟಕಡೆಗೆ!